ನೀಲಿ ಗೋಡೆಯ ಮಾಮಾ

ಕಟ್ಟೆಯ ಮೇಲೆ ಮೊಸರಿನ ಗಡಿಗೆ ಇಳಿಸಿ ಸಿಂಬಿಯಿಂದ ಕತ್ತು ಒರೆಸಿಕೊಳ್ಳುತ್ತಿದ್ದ ಬೀರವ್ವ, ಪಾತ್ರೆ ಹಿಡಿದು ಒಳಗಿನಿಂದ ಬಂದ ಅಜಯಕುಮಾರನನ್ನು ಕಂಡು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅರ್ಧ ಮುಖ ತಿರುಗಿಸಿದಳು. ಅವನು ಪಾತ್ರೆಯನ್ನು ಮುಂದೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನ ಪಕ್ಕದಿಂದ ಕತ್ತು ಬಾಗಿಸಿ ಒಳಗಿನ ಕತ್ತಲೆಗೆ, ‘ಅನ್ನವ್ವಾರ, ಬೀಗರು ಬಂದಾರೇನ್ರಿ?’ ಎಂದು ಕೇಳಿದಳು. ಒಳಗಿನಿಂದ ಅವ್ವನ ನಗು ಬಂತು, ಅದರ ಹಿಂದೆ ಮಾತು ಬಂತು, ಬೀಗರಲ್ಲ ನಮ್ಮ ಅಜಯಾ, ಮಸ್ಕತ್‌ನಿಂದ ಬಂದಾನ ಎಂದು. ಬೀರವ್ವ ಬಾಯಿಗೆ ಕೈ ಹಚ್ಚಿಕೊಂಡಳು. ‘ಯಪ್ಪಾ, ನೀನಾ? ಮೀಸಿ ಎಲ್ಲಿ ಬಿಟ್ಟು ಬಂದಿ?’ ಎಂದು ನಕ್ಕು, ಗಡಿಗೆಯ ಮೇಲಿನ ಕೆನೆ ಪಕ್ಕಕ್ಕೆ ಸರಿಸಿ ಮೊಸರು ಹಾಕಿದಳು. ಅವನು ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಇದೇ ಅಸುಂಡಿಯ ಬೀರವ್ವ ಆ ಕೆನೆಯನ್ನು ಬೆರಳ ತುದಿಯಲ್ಲಿ ಎತ್ತಿ ಅವನ ಬಾಯಿಗೆ ಒರೆಸುತ್ತಿದ್ದಳು. ಈಗ ನಗುತ್ತಿದ್ದರೂ, ಗುರುತು ಸಿಕ್ಕಿದ್ದರೂ, ತಲೆಯ ಮೇಲೆ ಎಳೆದುಕೊಂಡ ಸೆರಗನ್ನು ಅವಳು ಹಿಂದಕ್ಕೆ ಸರಿಸಲಿಲ್ಲ. ಅಜಯಕುಮಾರ ಅದನ್ನೇ ನೋಡುತ್ತ ನಿಂತ.

ಅವಳು ನಿಜವಾಗಿ ಮಾತಾಡಬೇಕಾಗಿದ್ದದ್ದು ಅವನ ಕಾಲ ಹಿಂದೆ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಿದ್ದ ವೀರುವಿನೊಂದಿಗೆ. ಇದೇ ಮನೆಯಲ್ಲಿರುವ ತಂಗಿ ಸುಶ್ಮಿತಾಳ ಮಗ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಸೊಂಟದ ತನಕ ಇಳಿದಿತ್ತು. ತುದಿಗೆ ರಿಬ್ಬನ್ನಿನ ಬದಲು ಮಗ್ಗದಲ್ಲಿ ಉಳಿದ ಕೆಂಪು ನೂಲು ಕಟ್ಟಿದ್ದರು. ‘ಏನವಾ ಸಣ್ಣವ್ವಾ, ಇವತ್ತ ನಿನ್ನ ಜಡಿ ಹೊಕ್ಕೈತಂತ? ಇನ್ನ ನಾ ಯಾರಿಗೆ ಹೂವ ತರಲಿ?’ ಎಂದಳು ಬೀರವ್ವ. ವೀರು ಜಡೆಯನ್ನು ಎರಡೂ ಕೈಯಿಂದ ಹಿಡಿದು ಬೆನ್ನ ಹಿಂದೆ ಅಡಗಿಸಿಕೊಂಡ. ಹಾಗೆ ಅಡಗಿಸಿಕೊಳ್ಳಲು ಒಂದು ಹೆಜ್ಜೆ ಹಿಂದೆ ಸರಿದಾಗ ಅವನ ಬೆನ್ನು ಅಜಯಕುಮಾರನ ಮೊಣಕಾಲಿಗೆ ತಾಗಿತು. ತಾಗಿದ್ದು ಯಾವುದಕ್ಕೆ ಎಂದು ತಿಳಿದ ಕೂಡಲೇ, ಒಲೆಯ ಹತ್ತಿರದಿಂದ ಸರಿಯುವಂತೆ ಸರಿದು, ಒಳಗೆ ಓಡಿದ.

ಆ ಕೂದಲು ಅಜಯಕುಮಾರನಿಗಾಗಿ ಕಾದ ಕೂದಲು. ಜವಳ ತೆಗೆಸುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಎಳೆ ಮಾವನ ಕೈಯಿಂದ ಕತ್ತರಿಸಬೇಕು, ಆಮೇಲೆ ಉಳಿದದ್ದು ಕ್ಷೌರಿಕನ ಕೆಲಸ. ಮೊದಲ ವರ್ಷ ಅವನಿಗೆ ರಜೆ ಸಿಗಲಿಲ್ಲ. ಎರಡನೆಯದು ಸಮವರ್ಷ, ಆಗದು. ಈಗ ಮೂರನೆಯದು, ಈ ತಿಂಗಳು ಕಳೆದರೆ ಅದೂ ಮುಗಿದು ಇನ್ನು ಐದರ ಮಾತು. ಅಷ್ಟರಲ್ಲಿ ಹುಡುಗ ಬಾಲವಾಡಿಗೆ ಹೋಗಬೇಕು, ಅಲ್ಲಿ ಜಡೆ ಎಳೆಯದೆ ಯಾರು ಬಿಟ್ಟಾರು. ‘ಬ್ಯಾರೆ ಯಾರನ್ನರ ಕೂಡಸ್ರಿ’ ಎಂದು ಅವನು ಫೋನಿನಲ್ಲಿ ಒಮ್ಮೆ ಹೇಳಿದ್ದ. ಹೇಳುವಾಗ, ಅವರು ಒಪ್ಪಬಾರದು ಎಂದು ಬಯಸಿದ್ದ. ಅವ್ವ ಒಪ್ಪಿರಲಿಲ್ಲ. ಆ ರಾತ್ರಿ ಮಸ್ಕತ್‌ನ ರೂವಿಯ ಕೋಣೆಯಲ್ಲಿ ಅವನು ಬಹಳ ಹೊತ್ತು ಸಂತೋಷದಿಂದ ಎಚ್ಚರವಾಗಿದ್ದ. ದೂರದ ಒಂದು ಊರಿನಲ್ಲಿ, ಒಂದು ತಲೆಯ ಮೇಲೆ, ತನ್ನ ಸಲುವಾಗಿ ಕೂದಲು ಬೆಳೆಯುತ್ತಿದೆ. ಬೇರೆ ಯಾವ ಪುರಾವೆಯನ್ನೂ ಅವನು ಅಷ್ಟು ನಂಬಿರಲಿಲ್ಲ.

ಬಂದ ದಿನ ಏನಾಯಿತೆಂದರೆ, ಗದಗ ಸ್ಟೇಷನ್ನಿನಿಂದ ಗೆಳೆಯ ಇನಾಯತನ ಆಟೋದಲ್ಲಿ ಬೆಟಗೇರಿಗೆ ಬಂದು ಇಳಿದವನನ್ನು ಎಲ್ಲರೂ ಬಾಗಿಲಲ್ಲಿ ಸುತ್ತುಗಟ್ಟಿದ್ದಾಗ, ಸುಶ್ಮಿತಾ ಮಗನನ್ನು ಎತ್ತಿ, ನೋಡು ಮಾಮಾ ಬಂದ ಎಂದಿದ್ದಳು. ವೀರು ಅವನ ಮುಖ ನೋಡಿದ. ಆಮೇಲೆ ಅವ್ವನ ಕೈಯಲ್ಲಿದ್ದ ಫೋನು ನೋಡಿದ. ‘ಎಲ್ಲಿ ಮಾಮಾ?’ ಎಂದ. ಎಲ್ಲರೂ ನಕ್ಕರು. ಇನಾಯತ ಆಟೋದ ಹ್ಯಾಂಡಲಿಗೆ ತಲೆ ಹಚ್ಚಿ ನಕ್ಕ. ಅಜಯಕುಮಾರನೂ ನಕ್ಕ. ನಗುತ್ತಿರುವಾಗಲೇ, ಕೂಸಿನ ಕಣ್ಣಿನಲ್ಲಿ ನಗುವಂಥದ್ದು ಏನೂ ಇಲ್ಲದ್ದನ್ನು ಗಮನಿಸಿದ. ಅದು ಕೇಳಿದ್ದು ಪ್ರಶ್ನೆ.

ಪ್ರತಿ ಸಂಜೆ, ಅಪ್ಪ ಮಗ್ಗದಿಂದ ಎದ್ದ ಮೇಲೆ, ಫೋನನ್ನು ಮಗ್ಗದ ಅಡ್ಡಮರಕ್ಕೆ ಒರಗಿಸಿ ನಿಲ್ಲಿಸಿ ಮಸ್ಕತ್‌ನಲ್ಲಿದ್ದ ಅಜಯಕುಮಾರನಿಗೆ ಹಚ್ಚುತ್ತಿದ್ದರು. ಕೂಸು ಅದರ ಮುಂದೆ ಕುಳಿತು ಊಟ ಮಾಡುತ್ತಿತ್ತು. ಅವ್ವ, ವೀರುವಿನ ಆಯಿ, ತುತ್ತು ಮಾಡಿಕೊಡುವಳು. ವೀರು ಪ್ರತಿ ತುತ್ತನ್ನೂ ಮೊದಲು ಮಾಮಾಗೆ ತೋರಿಸಿ, ಮಾಮಾ ಹೂಂ ಎಂದ ಮೇಲೆ ಬಾಯಿಗೆ ಹಾಕಿಕೊಳ್ಳುವನು. ಮಾಮಾ ಹೂಂ ಎನ್ನದೆ ಊಟ ಇಳಿಯುವುದಿಲ್ಲ ಎಂದು ಅವ್ವ ಹೆಮ್ಮೆಯಿಂದ ಓಣಿಯಲ್ಲೆಲ್ಲ ಹೇಳಿದ್ದಳು. ಫೋನಿನ ಮೇಲಿನ ಒಂದು ಗುಂಡಿ ಒತ್ತಿದರೆ ಎದುರಿನದೆಲ್ಲ ಮಾಮಾಗೆ ಕಾಣುತ್ತದೆ ಎಂಬುದನ್ನು ಅಜಯಕುಮಾರನೇ ಕಲಿಸಿದ್ದ. ಕಲಿತಂದಿನಿಂದ ಹುಡುಗ ಬೆಕ್ಕು, ನೂಲು ಸುತ್ತಿದ ಕಂಡಿಕೆಯ ಬುಟ್ಟಿ, ಅಜ್ಜನ ಹಿಮ್ಮಡಿ, ತನ್ನ ಉಚ್ಚೆಯ ಗುರುತು ಎಲ್ಲವನ್ನೂ ತೋರಿಸಿಕೊಂಡು ಮನೆಯೆಲ್ಲ ತಿರುಗುತ್ತಿದ್ದ. ಮನೆಯ ಪ್ರತಿ ಮೂಲೆಯನ್ನು ಮೂರಡಿ ಎತ್ತರದಿಂದ ಅಜಯಕುಮಾರ ಅರಿತಿದ್ದ. ಈಗ ಸ್ವಂತ ಕಣ್ಣಿನ ಎತ್ತರದಿಂದ ನೋಡುವಾಗ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗುತ್ತಿತ್ತು. ಕೇಳಿದರೆ ಅವ್ವ, ನೀ ಯಾಕ ಏಳ್ತಿ, ಕುಂಡ್ರು, ಎನ್ನುವಳು.

ಅವನು ಮನೆಗೆ ಬಂದಂದಿನಿಂದ ಸಂಜೆ ಫೋನು ಹಚ್ಚುವುದು ನಿಂತಿತು. ಮನುಷ್ಯನೇ ಇದ್ದ ಮೇಲೆ ಯಾರಿಗೆ ಹಚ್ಚುವುದು? ವೀರು ತಟ್ಟೆಯ ಮುಂದೆ ಕುಳಿತು ಮಗ್ಗದ ಅಡ್ಡಮರ ನೋಡುವನು. ಅಜಯಕುಮಾರ ಅಲ್ಲಿಯೇ, ಫೋನು ಇರುತ್ತಿದ್ದ ಜಾಗದಲ್ಲಿಯೇ ಕುಳಿತು, ಅದೇ ದನಿಯಲ್ಲಿ, ತುತ್ತು ತೋರಸಪಾ ಎನ್ನುವನು. ಹುಡುಗ ತುತ್ತನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುವನು. ಮಸ್ಕತ್‌ನಲ್ಲಿ ಅವನು ತೂಕ, ಅಳತೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಹೊರಗಿನಿಂದ ಬಂದ ತೂಕದ ಬಟ್ಟನ್ನು ಬಂದ ದಿನವೇ ತೂಗುವುದಿಲ್ಲ. ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲಿ ಎಂದು ಒಂದು ರಾತ್ರಿ ಮೇಜಿನ ಮೇಲೆ ಬಿಡುತ್ತಾರೆ. ತನ್ನದೂ ಅಷ್ಟೇ ಎಂದು ಮೊದಲ ರಾತ್ರಿ ಸಮಾಧಾನ ಮಾಡಿಕೊಂಡಿದ್ದ. ಆ ಮೇಲಿನ ರಾತ್ರಿಗಳಿಗೆ ಅವನಲ್ಲಿ ಅಂಥ ಸಮಾಧಾನ ಇರಲಿಲ್ಲ.

ಇನ್ನೊಂದು ಸಂಗತಿಯೂ ಅವನನ್ನು ಕಾಡುತ್ತಿತ್ತು, ಯಾರಿಗೂ ಹೇಳುವಂಥದ್ದಲ್ಲ. ಅಪ್ಪ ನೇಯುವುದನ್ನು ಬಿಟ್ಟಿದ್ದಾನೆ ಎಂದು ಅವನು ಒಳಗೊಳಗೇ ತಿಳಿದುಕೊಂಡಿದ್ದ. ರಜೆಯ ದಿನ ಮಧ್ಯಾಹ್ನ ಫೋನು ಮಾಡಿದಾಗಲೂ ಮಗ್ಗದ ಸದ್ದು ಕೇಳುತ್ತಿರಲಿಲ್ಲ; ಮಗ್ಗದ ಮೇಲೆ ಕಾಣುತ್ತಿದ್ದ ಸೀರೆ ಎಂದೋ ನಿಂತದ್ದು ಎಂದುಕೊಂಡಿದ್ದ. ಕೇಳಿದರೆ ಅಪ್ಪನಿಗೆ ನೋವಾದೀತು ಎಂದು ಕೇಳಿರಲಿಲ್ಲ. ಮುಂಡರಗಿಯ ಅಂಗಡಿಗೆ ಸೀರೆ ಕಳಿಸಿದೆ ಎಂದು ಅಪ್ಪ ಹೇಳಿದಾಗ, ಪಾಪ, ಹಳೆಯದನ್ನು ಹೇಳುತ್ತಿದ್ದಾನೆ ಎಂದು ಮೆಲ್ಲಗೆ ಮಾತು ಬದಲಿಸಿದ್ದ. ಬಂದ ಮರುದಿನ ಬೆಳಗಿನಲ್ಲಿ ಹಾಸಿಗೆಯ ಕೆಳಗಿನ ನೆಲವೇ ಮಿಡಿಯುತ್ತಿದೆ ಎನಿಸಿ ಎದ್ದು ಕುಳಿತ. ಪಡಸಾಲೆಯಲ್ಲಿ ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಲಾಳಿ ಅತ್ತ ಇತ್ತ ಹಾರಿಸುತ್ತ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನೇಯುತ್ತಿದ್ದ. ಆಗ ಹೊಳೆಯಿತು. ಒಂದೇ ಲಯದಲ್ಲಿ ಬರುವ ಸದ್ದನ್ನು ಗದ್ದಲ ಎಂದು ತಿಳಿದು ಫೋನು ತಾನಾಗಿಯೇ ಅಳಿಸುತ್ತದೆ, ಮಾತನ್ನಷ್ಟೇ ದಾಟಿಸುತ್ತದೆ. ಅಳತೆಯ ಉಪಕರಣಗಳ ತಪ್ಪು ಹುಡುಕುವುದೇ ಕೆಲಸವಾಗಿರುವವನು, ಎಷ್ಟೋ ವರ್ಷ, ಅಪ್ಪನ ಬದುಕನ್ನು ಒಂದು ಉಪಕರಣದ ಮಾತು ಕೇಳಿ ಮುಗಿಸಿಬಿಟ್ಟಿದ್ದ. ಅಪ್ಪ ತಲೆ ಎತ್ತಿ, ‘ನಿದ್ದಿ ಕೆಡಸಿದ್ನೇನೋ?’ ಎಂದ. ಇಲ್ಲಪಾ ಎಂದು ಹೇಳಿ ಅವನು ಅಲ್ಲಿಯೇ ಕಂಬಕ್ಕೆ ಒರಗಿ ಕುಳಿತ. ಫೋನಿನಲ್ಲಿ ತನ್ನ ಕಡೆಯಿಂದ ಏನೇನು ಅಳಿಸಿ ಹೋಗಿತ್ತೋ.

ಬೀರವ್ವ ಹೋದ ಮೇಲೆ ಕ್ಷೌರಿಕ ದ್ಯಾಮಪ್ಪ ಬಂದಾಗ ಪಡಸಾಲೆ ಸಾರಿಸಿ ರಂಗೋಲಿ ಹಾಕಿಯಾಗಿತ್ತು. ಇವತ್ತು ಮಗ್ಗ ನಿಂತಿತ್ತು. ಅದರ ಮೇಲೆ ಅರ್ಧ ನೇಯ್ದ ಸೀರೆಗೆ ಪಂಚೆ ಹೊದಿಸಿದ್ದರು. ಸುಶ್ಮಿತಾಳ ಗಂಡ ಸುನಿಲಕುಮಾರ ತಾನು ದುಡಿಯುವ ಪ್ರೆಸ್ಸಿಗೆ ರಜೆ ಹಾಕಿ, ಶಾಯಿ ಹೋಗದ ಬೆರಳುಗಳಲ್ಲಿ ಎಲೆಯಡಿಕೆಯ ತಟ್ಟೆ ಹಿಡಿದು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದ. ದ್ಯಾಮಪ್ಪ ಚೀಲ ಬಿಚ್ಚಿ, ಕತ್ತಿ ಮಸೆಯುತ್ತ, ಅಜಯಕುಮಾರನನ್ನು ಓರೆಗಣ್ಣಿನಿಂದ ನೋಡಿ, ‘ನಿಂದೂ ನಾನ ತಗದೇನಿ. ನಿಮ್ಮ ಮಾಮಾನ ಹೊಸಾ ಧೋತರ ತೋಯಿಸಿ ಬಿಟ್ಟಿದ್ದಿ’ ಎಂದ. ಊರಿಗೆ ಬಂದ ಮೇಲೆ ಅವನನ್ನು ನೆಂಟನಂತೆ ಕಾಣದೆ, ಇಷ್ಟು ಸಲಿಗೆಯಿಂದ ಮಾತಾಡಿಸಿದವರು ಕಡಿಮೆ. ಅಜಯಕುಮಾರನಿಗೆ ಎದೆ ಹಗುರಾಯಿತು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ತೊಡೆಯನ್ನು ಸರಿಮಾಡಿಕೊಂಡ. ಸಂಜೆಯ ಫೋನಿಗಾಗಿಯೇ ಹಾಕಿಕೊಳ್ಳುತ್ತಿದ್ದ ಗೆರೆಗೆರೆ ಅಂಗಿಯನ್ನು ಇವತ್ತು ಬೇಕೆಂದೇ ತೊಟ್ಟಿದ್ದ.

ಸುಶ್ಮಿತಾ ಮಗನನ್ನು ತಂದು ತೊಡೆಯ ಮೇಲಿಟ್ಟಳು. ಹುಡುಗ ಮೊದಲು ಅಳಲಿಲ್ಲ. ಒಣಗಿದ ಹಲಗೆಯಂತೆ ಸೆಟೆದುಕೊಂಡ. ತೊಡೆಗೆ ಬರೀ ಹಿಮ್ಮಡಿ, ಎದೆಗೆ ಬರೀ ಹಿಂದಲೆ ತಾಗಿತು, ನಡುವೆ ಮೈಯೇ ಇಲ್ಲ. ಅಜಯಕುಮಾರ ಅವನನ್ನು ಹಿಡಿದ. ಹಿಡಿದದ್ದು ಬೆರಳ ತುದಿಗಳಿಂದ. ಪ್ರಮಾಣದ ಬಟ್ಟುಗಳನ್ನು ಬರಿಗೈಯಿಂದ ಮುಟ್ಟಬಾರದು, ಬೆರಳಿನ ಬೆವರಿಗೂ ತೂಕವಿದೆ. ಎಷ್ಟೋ ವರ್ಷ ಚಿಮ್ಮಟದಿಂದ, ಕೈಗವಸಿನಿಂದ ಎತ್ತಿ ಇಟ್ಟ ಕೈಗಳು ಅವು. ಪಕ್ಕೆಲುಬಿನ ಕೆಳಗೆ ಆ ತಣ್ಣನೆಯ, ಸಂಕೋಚದ ಬೆರಳುಗಳು ತಾಗಿದ್ದೇ ತಡ ಹುಡುಗ ಚೀರಿದ. ಕಾಲು ಝಾಡಿಸಿದ. ಕೊಬ್ಬರಿ ಎಣ್ಣೆಯ, ಧೂಳಿನ, ಬಿಸಿಲಿನ ವಾಸನೆಯ ಜಡೆ ಅಜಯಕುಮಾರನ ಮುಖಕ್ಕೆ ಬಡಿಯಿತು. ಮೂರು ವರ್ಷ ನೋಡಿದ ಕೂದಲಿಗೆ ಇಂಥ ಒಂದು ವಾಸನೆ ಇದೆ ಎಂದು ಅವನಿಗೆ ತಿಳಿದದ್ದು ಆ ಕ್ಷಣದಲ್ಲಿ. ಬಿಗಿಯಾಗಿ ಹಿಡಿ ಎಂದಳು ಅವ್ವ. ಹಿಡಿದ. ಹುಡುಗ ಉಸಿರು ಕಟ್ಟಿ ನೀಲಿಯಾಗತೊಡಗಿದ. ಬಿಟ್ಟುಬಿಟ್ಟ.

ದ್ಯಾಮಪ್ಪ ಕತ್ತಿ ಮಡಚಿದ. ‘ಅಳೂ ಕೂಸಿನ ತಲಿಗೆ ನಾ ಕತ್ತಿ ಹಚ್ಚಂಗಿಲ್ಲ. ಕೂಸು ತಾನಾಗಿ ಕುಂದರಲಿ. ಜುಲ್ಮಿಲೆ ಕೂಡಸಿದ್ರ ಅದು ಜವಳ ಆಗಂಗಿಲ್ಲ, ಕುರಿ ಉಣ್ಣಿ ಕತ್ತರಿಸಿದಂಗ ಆಕ್ಕೈತಿ’ ಎಂದು ಚಹಾ ಕೇಳಿದ. ಯಾರೂ ಅಜಯಕುಮಾರನನ್ನು ನೋಡಲಿಲ್ಲ. ಅವರು ಎಷ್ಟು ಜಾಗರೂಕತೆಯಿಂದ ನೋಡಲಿಲ್ಲವೆಂದರೆ, ಹೀಗಾದರೆ ಏನು ಮಾಡುವುದೆಂದು ಅವರು ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಇನಾಯತ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ, ಆತೇನ್ರಿ ಎಂದು ಒಳಗೆ ಬಂದ. ಸುಶ್ಮಿತಾಳ ಹೆರಿಗೆಯ ದಿನ ಅವಳನ್ನು ದವಾಖಾನೆಗೆ ಒಯ್ದವನು. ಹುಡುಗನನ್ನು ದಿನಾ ಆಟೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಓಣಿಯ ತುದಿಯ ತನಕ ಒಂದು ಸುತ್ತು ಹಾಕಿಸುವವನು. ವೀರು ಅಳುವನ್ನು ಅರ್ಧಕ್ಕೆ ಬಿಟ್ಟು, ‘ಆಟೋ ಮಾಮಾ’ ಎಂದು ಹೋಗಿ ಅವನ ಕಾಲನ್ನು ತಬ್ಬಿಕೊಂಡ. ಇನಾಯತ ನೋಡದೆಯೇ, ಒಂದು ಕೈಯಿಂದ, ಚೀಲ ಎತ್ತುವ ಹಾಗೆ ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡ. ಹುಡುಗನ ಮೈ ಆ ಸೊಂಟದ ಮೇಲೆ ನೀರಿನ ಹಾಗೆ ಹರಡಿಕೊಂಡಿತು.

ಆಗ ಅವ್ವ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಇನಾಯತನೂ ನಮ್ಮ ಸುಶ್ಮಿಗೆ ಅಣ್ಣನ ಹಂಗ ಅಲ್ಲೇನು, ರಾಖಿ ಕಟ್ತಾಳ, ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಅಜಯಕುಮಾರನ ಬಾಯಿಂದ ಅವನಿಗೇ ತಿಳಿಯದ ಹಾಗೆ ಮಾತು ಬಂತು. ‘ನಾ ಇರೂಮುಂದ?’

ಬಹಳ ಸಣ್ಣ ದನಿ ಅದು. ಇನಾಯತ ಹುಡುಗನನ್ನು ಕೆಳಗೆ ಇಳಿಸಿದ. ‘ಅಜ್ಯಾ, ಅದು ನಿನ್ನ ಹಕ್ಕಪಾ. ನಾ ಎಲ್ಲಿ ಬರ್ತೇನಿ ಅದರಾಗ. ಇವರು ಸುಮ್ಮನ ಅಂತಾರ’ ಎಂದ. ಹಾಗೆಂದದ್ದರಿಂದ ಅಜಯಕುಮಾರನಿಗೆ ಇನ್ನಷ್ಟು ನಾಚಿಕೆಯಾಯಿತು. ಹಕ್ಕು ಎಂಬುದು ತೊಡೆಯ ಮೇಲೆ ಇರುತ್ತದೆಯೇ? ತೊಡೆಯನ್ನು ನೋಡಿಕೊಂಡ. ಇಸ್ತ್ರಿ ಮಾಡಿದ ಪ್ಯಾಂಟು, ಹುಡುಗನ ಜೊಲ್ಲಿನ ಒಂದು ಕಲೆ. ನೀರು ಕುಡಿದು ಬರ್ತೇನಿ ಎಂದು ಎದ್ದು, ಅಡುಗೆ ಮನೆಯನ್ನು ದಾಟಿ, ಹಿಂದಿನ ನೂಲಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ನೀರಿನ ಕೊಡ ಅಲ್ಲಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ನೂಲಿನ ಕೋಣೆಯಲ್ಲಿ ಗಂಜಿಯ ವಾಸನೆ. ಹಕ್ಕಿಗೂಡಿನಷ್ಟು ಕಿಟಕಿ. ನೂಲಿನ ಲಡಿಗಳನ್ನು ತೂಗುಹಾಕಿದ ಬಿದಿರು. ಚಿಕ್ಕವನಿದ್ದಾಗ ಏಟು ಬೀಳುವ ಸಂಭವವಿದ್ದಾಗಲೆಲ್ಲ ಅವನು ಇಲ್ಲಿ ಬಂದು ಗೋಡೆಗೆ ಬೆನ್ನು ಕೊಟ್ಟು ಮೊಣಕಾಲು ಮಡಚಿ ಕೂರುತ್ತಿದ್ದ, ಈಗಲೂ ಹಾಗೆಯೇ ಕುಳಿತ. ಮೂವತ್ತು ದಾಟಿ ನಲವತ್ತರ ಹತ್ತಿರದ ಮೊಣಕಾಲುಗಳು ಹೇಳದೆ ಕೇಳದೆ ಅದೇ ಕೋನಕ್ಕೆ ಬಂದು ನಿಂತವು. ರೂವಿಯ ಕೋಣೆಯಲ್ಲಿ ಇಬ್ಬರ ಮಂಚಗಳ ನಡುವಿನ ಗೋಡೆಗೆ ಒರಗಿ ಫೋನು ಮಾಡುವಾಗಲೂ ಅವನು ಹೀಗೇ ಕೂರುತ್ತಿದ್ದ. ಜೊತೆಗಾರ, ಬೇರೆ ಗೋಡೆ ಇಲ್ಲವೇ, ಯಾವಾಗಲೂ ಅದೇ ಯಾಕೆ ಎಂದು ಕೇಳಿದ್ದಕ್ಕೆ, ಅಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದಿದ್ದ. ಈಗ ಕತ್ತು ಹೊರಳಿಸಿ ಬೆನ್ನ ಹಿಂದಿನ ಗೋಡೆ ನೋಡಿದ. ಪ್ರತಿ ವರ್ಷ ಅವ್ವ ನೀಲಿ ಬೆರೆಸಿ ಸುಣ್ಣ ಬಳಿಯುವ ಗೋಡೆ. ರೂವಿಯಲ್ಲಿ ಕಂಪನಿಯವರು ಬಳಿಸಿದ್ದು ಎಣ್ಣೆಬಣ್ಣ, ಹೊಳೆಯುತ್ತಿತ್ತು. ಆದರೂ ನೀಲಿ ಅದೇ ನೀಲಿ. ಆ ಕಟ್ಟಡದಲ್ಲಿ ಖಾಲಿ ಇದ್ದ ಎರಡು ಕೋಣೆಗಳಲ್ಲಿ ಗಾಳಿ ಬರದ ಆ ನೀಲಿ ಕೋಣೆಯನ್ನೇ ತಾನು ಆರಿಸಿದ್ದು ಯಾಕೆಂದು ಅವನು ಅಂದು ಯೋಚಿಸಿರಲಿಲ್ಲ.

ಪಡಸಾಲೆಯಿಂದ ಅಳು ಮತ್ತೆ ಎದ್ದಿತು, ಈ ಸಲ ಮಾತಿನ ಸಮೇತ. ಮಾಮಾಗ ಫೋನ್ ಹಚ್ಚು, ಮಾಮಾಗ ಫೋನ್ ಹಚ್ಚು. ಸುಶ್ಮಿತಾ ರಮಿಸಿದಳು, ಗದರಿದಳು, ಕೊನೆಗೆ ರೂಢಿಯಂತೆ ಬೆರಳು ಒತ್ತಿರಬೇಕು. ಅಜಯಕುಮಾರನ ಕಿಸೆಯಲ್ಲಿ ಫೋನು ನಡುಗಿತು. ಅವನು ಅದನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ನೋಡಿದ. ಎತ್ತಬಾರದು ಎನಿಸಿತು. ಎತ್ತಿದರೆ ತಾನು ಇಲ್ಲಿಗೆ ಬಂದೇ ಇಲ್ಲ ಎಂದು ಒಪ್ಪಿಕೊಂಡಂತೆ. ಗೋಡೆಯಾಚೆ ಕೂಸು ಬಿಕ್ಕುತ್ತ ಸುಮ್ಮನಾಗಿತ್ತು. ರಿಂಗು ಆಗುವಾಗ ಅದು ಯಾವಾಗಲೂ ಹಾಗೆ ಉಸಿರು ಹಿಡಿದು ಸುಮ್ಮನಾಗುತ್ತದೆ ಎಂದು ಅವ್ವ ಹೇಳಿದ್ದಳು. ಅವನು ಇಯರ್‌ಫೋನ್ ಕಿವಿಗಿಟ್ಟುಕೊಂಡು ಎತ್ತಿದ.

ಪರದೆಯ ತುಂಬ ಒದ್ದೆ ಮುಖ. ಅದು ಅವನನ್ನು ನೋಡಿತು, ಹಿಂದಿನ ಗೋಡೆ ನೋಡಿತು. ಆಮೇಲೆ, ಸಂತೆಯಲ್ಲಿ ಕಳೆದುಹೋಗಿ ಸಿಕ್ಕವರ ಮೇಲಿನ ಸಿಟ್ಟಿನಿಂದ, ‘ಎಲ್ಲಿ ಹೋಗಿದ್ದಿ ನೀ?’ ಎಂದಿತು.

‘ಕೆಲಸ ಇತ್ತಪಾ.’

ವೀರು ಫೋನನ್ನು ಬಾಯಿಯ ಹತ್ತಿರ ತಂದ. ಪರದೆಯಲ್ಲಿ ಮೂಗು ಮಾತ್ರ ಉಳಿಯಿತು. ‘ಮಾಮಾ, ನಮ್ಮ ಮನಿಗೆ ಒಬ್ಬಂವ ಬಂದಾನ.’

‘ಯಾರು?’

‘ಗೊತ್ತಿಲ್ಲ. ನಿನ್ನ ಅಂಗಿ ಹಾಕ್ಕೊಂಡಾನ.’

ಅಜಯಕುಮಾರ ತನ್ನ ಗೆರೆಗೆರೆ ತೋಳನ್ನು ನೋಡಿಕೊಂಡ. ಪಡಸಾಲೆಯಲ್ಲಿ ಯಾರೋ ನಗು ತಡೆದುಕೊಂಡದ್ದು ಗೋಡೆಯ ಮೂಲಕ ಕೇಳಿತು. ಫೋನಿನ ಮೂಲಕ ಕೇಳಲಿಲ್ಲ. ‘ಬೈತಾನೇನು ಅಂವ?’ ಎಂದು ಕೇಳಿದ. ತಿಳಿದುಕೊಳ್ಳಬೇಕಿತ್ತು ಅವನಿಗೆ.

‘ಇಲ್ಲ. ಸುಮ್ಮನ ನೋಡ್ತಾನ.’ ಹುಡುಗ ಯೋಚಿಸಿದ. ‘ಆಯಿ ಅವಂಗ ಭಾಳ ಚಪಾತಿ ಹಾಕ್ತಾಳ. ಅಂವ ಸಾಕಂತಾನ, ಆಯಿ ಬಿಡಂಗಿಲ್ಲ.’

‘ಮತ್ತ?’

‘ಅವನ ಕೈ ತಣ್ಣಗ ಅದಾವ.’

ಗಂಜಿಯ ವಾಸನೆಯ ಆ ಕೋಣೆಯಲ್ಲಿ ಅಜಯಕುಮಾರ ತನ್ನ ಕೈಗಳನ್ನು ಒಂದಕ್ಕೊಂದು ಒತ್ತಿಕೊಂಡ. ಯಾರೂ ತನ್ನ ಬಗ್ಗೆ ಇಷ್ಟು ನೆಟ್ಟಗೆ ಹೇಳಿರಲಿಲ್ಲ. ಹೇಳಿದವನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಮನೆಗೆ ಬಂದ ಹೊಸ ಬೆಕ್ಕಿನ ಬಗ್ಗೆ ಹೇಳಿದ ಹಾಗೆ ಹೇಳುತ್ತಿದ್ದ. ಮತ್ತು ಹೇಳಬೇಕೆಂದು ಮೂರು ದಿನದಿಂದ ಕಾದಿದ್ದು ತನಗೇ. ತುತ್ತು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡದ್ದು ತನ್ನ ಸಲುವಾಗಿ. ಇಷ್ಟು ದಿನ ತಾನು ಹೊಟ್ಟೆಕಿಚ್ಚುಪಟ್ಟದ್ದು ಯಾರ ಮೇಲೆ ಎಂದು ಯೋಚಿಸಿದರೆ ನಗು ಬರುವಂತಿತ್ತು. ಗೋಡೆಗೆ ತಲೆ ಆನಿಸಿ, ಸಂಜೆಯ ದನಿಯಲ್ಲಿ, ಇವತ್ತು ಜಡೆ ತೆಗೆಯುತ್ತಾರಂತೆ, ದ್ಯಾಮಪ್ಪಜ್ಜ ಕಾಯುತ್ತಿದ್ದಾನಂತೆ ಎಂದ. ಹುಡುಗ ಜಡೆಯನ್ನು ಮುಂದಕ್ಕೆ ತಂದು ಕೆಂಪು ನೂಲಿನ ತುದಿಯನ್ನು ಪರದೆಗೆ ಒತ್ತಿ ತೋರಿಸಿದ. ‘ನೀ ನೋಡ್ತಿಯೇನು?’

‘ನೋಡ್ತೇನಿ.’

‘ಪೂರಾ?’

‘ಪೂರಾ.’

‘ಹಂಗಾರ ಆಟೋ ಮಾಮಾನ ತೊಡಿ ಮ್ಯಾಲ ಕುಂದರ್ತೇನಿ. ನೀ ಹೂಂ ಅನ್ನು.’

ಹುಡುಗನ ಹಿಂದೆ ಅರ್ಧ ಕಾಣುತ್ತಿದ್ದ ಇನಾಯತ ತಲೆ ತಗ್ಗಿಸಿದ. ಪ್ರತಿ ತುತ್ತಿಗೂ ಅಂದಿದ್ದ ಹೂಂ ಅದು. ಬಿಸಿಲಲ್ಲಿ ಬಸ್ಸಿನಿಂದ ಇಳಿದು ಷೂ ಬಿಚ್ಚದೆ ಅಂದಿದ್ದ ಹೂಂ, ಜ್ವರದಲ್ಲಿ ಅಂದಿದ್ದ ಹೂಂ. ಅವನಿಗೆ ಅದೊಂದೇ ಸರಿಯಾಗಿ ಬರುತ್ತಿತ್ತು. ‘ಹೂಂ’ ಎಂದ ಅಜಯಕುಮಾರ. ಮತ್ತೆ, ಕೂಸಿಗೆ ಅಲ್ಲದೆ, ‘ಇನಾಯತ, ಕುಂದರಲೇ. ಜಲ್ದಿ ಕುಂದರು’ ಎಂದ.

ನೂಲಿನ ಕೋಣೆಯ ಬಾಗಿಲು ಸರಿಯಿತು. ಅಪ್ಪ. ಕುಬೇರಪ್ಪ ಎಂದೂ ಹೆಚ್ಚು ಮಾತಿನವನಲ್ಲ. ಫೋನಿನಲ್ಲಂತೂ ಆರಾಮ ಅದೀಯಾ ಎಂದು ಕೇಳಿ, ಉತ್ತರ ಬರುವ ಮೊದಲೇ ಬೇರೆಯವರ ಕೈಗೆ ಕೊಟ್ಟುಬಿಡುತ್ತಿದ್ದ. ಫೋನಿನ ಕಣ್ಣಿಗೆ ಬೀಳದಂತೆ ಗೋಡೆಯ ಬದಿಯಿಂದ ಬಂದು, ಕುಕ್ಕರಗಾಲಲ್ಲಿ ಕುಳಿತು, ನೂಲು ಕತ್ತರಿಸುವ ತನ್ನ ಹಳೆಯ ಕತ್ತರಿಯನ್ನು ಮುಂದೆ ಹಿಡಿದ. ಪಿಸುದನಿಯಲ್ಲಿ, ‘ಮುಟ್ಟು’ ಎಂದ. ಅಜಯಕುಮಾರ ಅರ್ಥವಾಗದೆ ನೋಡಿದ. ‘ತೊಡಿ ಅವಂದಿರಲಿ. ಕೈ ನಿಂದಾಗಲಿ. ಮುಟ್ಟು.’

ಕತ್ತರಿ ಬೆಚ್ಚಗಿತ್ತು, ಅಪ್ಪನ ಕೈಯಿಂದ. ಹೆಬ್ಬೆರಳು ತೂರಿಸುವ ಕಣ್ಣು ತಿರುಗಿ ತಿರುಗಿ ನುಣುಪಾಗಿ, ಒಂದು ಕಡೆ ತೆಳ್ಳಗೆ ಸವೆದಿತ್ತು. ಅಜಯಕುಮಾರ ಬೆರಳ ತುದಿಯಿಂದ ಮುಟ್ಟಿದ. ಸಾಲದೆಂಬಂತೆ ಅಪ್ಪ ಅದನ್ನು ಅಲ್ಲಿಯೇ ಹಿಡಿದಿದ್ದ. ಆಗ ಇಡಿಯ ಅಂಗೈಯಿಂದ ಹಿಡಿದ. ಬೆವರು ಹತ್ತಲಿ ಎಂದು ಹಿಡಿದ. ತಂದೆ ಮಗ ಇಬ್ಬರೂ ಒಂದು ಕತ್ತರಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದರು. ಪರದೆಯಿಂದ ವೀರು, ‘ಮಾಮಾ, ಎಲ್ಲಿ ನೋಡಾಕತ್ತಿ? ಇಲ್ಲಿ ನೋಡು’ ಎಂದು ಗದರಿದ. ಅಪ್ಪನ ಎಲೆಯಡಿಕೆಯ ಬಾಯಿ ಒಂದು ಬದಿಗೆ ನಕ್ಕಿತು. ಕತ್ತರಿ ತೆಗೆದುಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು ಹೋದ.

ಅಜಯಕುಮಾರ ಪೂರ್ತಿ ನೋಡಿದ. ಇನಾಯತನ ಖಾಕಿ ತೊಡೆಯ ಮೇಲೆ ಹುಡುಗ ಆಟೋದ ಮುಂದಿನ ಸೀಟಿನಲ್ಲಿ ಕುಳಿತಂತೆ ಕುಳಿತಿದ್ದ. ಅದೇ ಕತ್ತರಿ ಮೊದಲು ಒಂದು ಎಳೆಯನ್ನು, ಆಮೇಲೆ ಜಡೆಯನ್ನು ಕತ್ತರಿಸಿತು. ಜಡೆ ಅವ್ವನ ಉಡಿಗೆ ಬಿದ್ದಿತು. ಅವ್ವ ಕಣ್ಣು ಒರೆಸಿಕೊಂಡದ್ದು ಪರದೆಯ ಮೂಲೆಯಲ್ಲಿ ಕಂಡಿತು. ದ್ಯಾಮಪ್ಪ ಏನೋ ಹೇಳಿದ, ಎಲ್ಲರೂ ನಕ್ಕರು; ಆ ನಗು ಗೋಡೆಯಿಂದ ಮೊದಲು ಬಂತು, ಕಿವಿಯೊಳಗೆ ಒಂದು ಎಳೆಯಷ್ಟು ತಡವಾಗಿ ಬಂತು. ಮಸ್ಕತ್‌ನಲ್ಲಿ ಇದ್ದಿದ್ದರೆ ಎರಡನೆಯದಷ್ಟೇ ಸಿಗುತ್ತಿತ್ತು. ಕತ್ತಿ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವಾಗ ಹುಡುಗನ ತುಟಿ ನಡುಗಿತು, ಕಣ್ಣು ಪರದೆಯನ್ನು ಹುಡುಕಿತು. ಹೂಂ ಎಂದ. ತುಟಿ ನಿಂತಿತು. ಇನ್ನೊಂದು ಗೆರೆ. ಹೂಂ. ಬಿಳಿಯ, ಎಂದೂ ಬಿಸಿಲು ಕಾಣದ ನೆತ್ತಿ ಸ್ವಲ್ಪ ಸ್ವಲ್ಪವಾ‌ಗಿ ಹೊರಗೆ ಬಂತು.

ಸ್ನಾನವಾಗಿ, ಬೋಳು ತಲೆಗೆ ಗಂಧ ಬಳಿಸಿಕೊಂಡು, ಹೊಸ ಅಂಗಿ ತೊಟ್ಟು ಬಂದ ವೀರು ಫೋನು ತನ್ನ ಕೈಗೆ ಬೇಕೆಂದ. ಮಾಮಾಗೆ ಎಲ್ಲ ತೋರಿಸಬೇಕಿತ್ತು. ಗುಂಡಿ ಒತ್ತಿದ. ಪರದೆಯಲ್ಲಿ ಮನೆ ತಿರುಗತೊಡಗಿತು, ಮೂರಡಿ ಎತ್ತರದಿಂದ. ಸುನಿಲಕುಮಾರನ ತಟ್ಟೆ ಕೊನೆಗೂ ದ್ಯಾಮಪ್ಪನ ಮುಂದೆ. ಖಾಕಿಯ ಮೇಲಿನ ಕೂದಲು ಝಾಡಿಸಿಕೊಳ್ಳುತ್ತಿದ್ದ ಇನಾಯತನ ಕೈ. ಮಗ್ಗದ ಮೇಲಿನ ಪಂಚೆ ತೆಗೆದು ಕುಣಿಗೆ ಇಳಿಯುತ್ತಿದ್ದ ಅಜ್ಜನ ಹಿಮ್ಮಡಿ. ಅಡುಗೆ ಮನೆಯ ಕಟ್ಟೆ, ಸಕ್ಕರೆ ಡಬ್ಬಿ, ಓಹೋ, ಅಲ್ಲಿದೆ. ಆಮೇಲೆ ಪರಿಚಯದ ಒಂದು ಬಾಗಿಲು ಪರದೆಯಲ್ಲಿ ದೊಡ್ಡದಾಗುತ್ತ ಬಂತು. ಫೋನು ಕಟ್ ಮಾಡಲು ಹೊತ್ತಿತ್ತು. ಬಿದಿರಿಗೆ ತೂಗುಹಾಕಿದ ಲಡಿಗಳ ಹಿಂದೆ ಸರಿಯಲೂ ಹೊತ್ತಿತ್ತು. ಅಜಯಕುಮಾರ ಕುಳಿತೇ ಇದ್ದ. ಪಡಸಾಲೆಯಲ್ಲಿ ಮಗ್ಗ ಶುರುವಾಗಿ, ಒರಗಿದ್ದ ಗೋಡೆ ಬೆನ್ನಿಗೆ ಮಿಡಿಯತೊಡಗಿತು. ಫೋನಿನಲ್ಲಿ ಆ ಸದ್ದು ಇರಲಿಲ್ಲ. ಅವನು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದ.

ಬಾಗಿಲು ತೆರೆಯಿತು. ಪರದೆಯಲ್ಲಿ ಒಬ್ಬ ಮನುಷ್ಯ ನೀಲಿ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿಕೊಂಡು, ಒಂದು ಕಿವಿಯಿಂದ ತಂತಿ ಇಳಿಬಿಟ್ಟುಕೊಂಡು ಕುಳಿತಿದ್ದ. ಗದ್ದದಲ್ಲಿ ಬಿಳಿ ಕೂದಲು. ಗೆರೆಗೆರೆ ಅಂಗಿ ಹೆಗಲಿಗೆ ಸ್ವಲ್ಪ ದೊಡ್ಡದು. ಏಟು ತಪ್ಪಿಸಿಕೊಳ್ಳಲು ಬಂದವನಂತೆ ಕಾಣುತ್ತಿದ್ದ. ಅವನನ್ನು ನೋಡಿ ಅಜಯಕುಮಾರನಿಗೆ ಮರುಕ ಹುಟ್ಟಿತು, ಮತ್ತು ಒಂದು ಬಗೆಯ ಅಕ್ಕರೆ.

‘ಮಾಮಾ, ಇಂವನ ನೋಡು,’ ಎಂದು ವೀರು ಫೋನಿಗೆ ಹೇಳಿದ. ‘ನಾ ಹೇಳಿದ್ನಲ್ಲ.’

‘ಯಾರಪಾ ಇಂವ?’ ಎಂದ ಅಜಯಕುಮಾರ.

ಅವನ ತುಟಿ ಇಲ್ಲಿ ಅಲುಗಿತು, ದನಿ ಹುಡುಗನ ಕೈಯಿಂದ ತುಸು ತಡೆದು ಬಂತು. ವೀರು ತಲೆ ಎತ್ತಿ ಅವನ ತುಟಿ ನೋಡಿದ. ಫೋನು ನೋಡಿದ. ಗೋಡೆ ನೋಡಿದ. ಗಂಧದ ತಲೆಯನ್ನು ಒಂದು ಬೆರಳಿನಿಂದ ಕೆರೆದುಕೊಂಡು, ಬಹಳ ದೂರ ಇರುವವರಿಗೆ ಊರಿನ ಸಂಗತಿಯನ್ನು ತಿಳಿಸಿ ಹೇಳುವವರ ತಾಳ್ಮೆಯಿಂದ ಹೇಳಿದ:

‘ಇಂವ ನಮ್ಮ ಮನ್ಯಾಗ ಇರ್ತಾನ.’

ಅಷ್ಟು ಹೇಳಿ, ಇನ್ನೂ ತೋರಿಸದೆ ಉಳಿದಿದ್ದ ಬೆಕ್ಕನ್ನು ಹುಡುಕುತ್ತ ಹಿತ್ತಲಿಗೆ ನಡೆದ. ನಾಲ್ಕು ಹೆಜ್ಜೆ ಹೋಗಿ, ಹಿಂದೆ ತಿರುಗದೆಯೇ, ‘ಬಾ’ ಎಂದ. ಫೋನಿನಲ್ಲಿದ್ದವನಿಗೋ ಕೋಣೆಯಲ್ಲಿದ್ದವನಿಗೋ ಎಂದು ಅಜಯಕುಮಾರ ಕೇಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಪರದೆಯಲ್ಲಿ ಹಿತ್ತಲಿನ ಬಿಸಿಲು ಬರುವುದನ್ನು ನೋಡುತ್ತ, ಅದರ ಹಿಂದೆ ಹೋದ.